ಖಾನಾವಳಿಯ ಊಟ, ಕೊಪ್ಪಳದ ವೈನ್: ದ್ರಾಕ್ಷಿ ನಾಟಿಗೆ ಮುನ್ನ ಬೆಳೆಗಾರರು ಅರಿಯಬೇಕಾದ ಸಂಗತಿಗಳು



ಕೊಪ್ಪಳ ತಾಲ್ಲೂಕಿನ ಇರಕಲ್ಲಗಡ ಭಾಗದಲ್ಲಿ ಕ್ಷೇತ್ರ ಭೇಟಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ: "ವೈನ್ ದ್ರಾಕ್ಷಿ ಹಚ್ಚಿದ್ರ ಹೆಂಗ್ರಿ ಸರ?" ಈ ಪ್ರಶ್ನೆಗೆ ಕಾರಣಗಳಿವೆ. ನಮ್ಮ ಜಿಲ್ಲೆಯ ಗುಡ್ಡದ ಮಗ್ಗುಲಲ್ಲೇ ಕ್ರಿಸ್ಮಾ ಎಸ್ಟೇಟ್ಸ್ ಎಂಬ ಸಂಸ್ಥೆ ವೈನ್ ದ್ರಾಕ್ಷಿ ಬೆಳೆದು, 'ಹಂಪಿ ಹಿಲ್ಸ್' ಎಂಬ ಹೆಸರನ್ನು ಬಾಟಲಿಯ ಮೇಲೆ ಮುದ್ರಿಸಿ ಮಾರುತ್ತಿದೆ. ದುಂಡಾಣು ಅಂಗಮಾರಿ ರೋಗದಿಂದ ದಾಳಿಂಬೆ ತೋಟಗಳನ್ನು ಕಿತ್ತು ಹಾಕಿದ ನೆನಪು ಇನ್ನೂ ಹಸಿಯಾಗಿರುವ ರೈತರು ಬೇರೊಂದು ತೋಟಗಾರಿಕೆ ಬೆಳೆಯನ್ನು ಹುಡುಕುವುದು ಸಹಜವೇ ಆಗಿದೆ.

ಆದರೆ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ತರವಲ್ಲ. ತೊಗರಿಯನ್ನೋ ಮೆಕ್ಕೆಜೋಳವನ್ನೋ ಬಿತ್ತಿ ಒಂದು ಹಂಗಾಮು ಕೈಕೊಟ್ಟರೆ ಮುಂದಿನ ಹಂಗಾಮಿನಲ್ಲಿ ಬೆಳೆ ಬದಲಿಸಬಹುದು. ದ್ರಾಕ್ಷಿ ಹಾಗಲ್ಲ. ಅದು ಹದಿನೈದರಿಂದ ಇಪ್ಪತ್ತು ವರ್ಷಗಳ ಸಂಬಂಧ. ಆದ್ದರಿಂದ ವೈನನ್ನು ಕೊಳ್ಳುವವನು ಏನನ್ನು ನೋಡಿ ಕೊಳ್ಳುತ್ತಾನೆ, ಅವನು ಮೆಚ್ಚುವ ಗುಣ ನಮ್ಮ ಹೊಲದಲ್ಲಿ ಹುಟ್ಟಬಲ್ಲುದೇ, ಹುಟ್ಟಿದರೂ ಅದರ ಬೆಲೆ ನಮ್ಮ ಕೈ ಸೇರುವುದೇ ಎಂಬ ಮೂರು ಸಂಗತಿಗಳನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಊಟದ ತಟ್ಟೆಯಿಂದ ಆರಂಭ

ವೈನ್ ಊಟದ ಜೊತೆಗೆ ಸೇವಿಸುವ ಪಾನೀಯ. ಅದನ್ನು ಬೆಳೆದ ದೇಶಗಳಲ್ಲೆಲ್ಲ ಊರಿನ ಊಟಕ್ಕೆ ಊರಿನ ವೈನ್ ಹೊಂದಿಕೊಂಡು ಬಂದಿದೆ. ಆದ್ದರಿಂದ ನಮ್ಮ ಭಾಗದ ಊಟ ಯಾವುದೆಂಬುದನ್ನು ಮೊದಲು ಗಮನಿಸೋಣ.

ಹಂಪಿ, ಆನೆಗೊಂದಿ, ಅಂಜನಾದ್ರಿ, ಕ್ರಿ.ಶ. 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯ, ಬಣ್ಣದ ಮರದ ಗೊಂಬೆಗಳ ಕಿನ್ನಾಳ ಇವುಗಳನ್ನು ನೋಡಲು ಬರುವ ಪ್ರವಾಸಿಗರು ಹೊಟ್ಟೆ ಹಸಿದಾಗ ಹುಡುಕುವುದು ಒಳ್ಳೆಯ ಖಾನಾವಳಿಯನ್ನು. ಬಿಸಿ ಜೋಳದ ರೊಟ್ಟಿ ಅಥವಾ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಮೊಳಕೆ ಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿಪುಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು: ಇದು ಇಲ್ಲಿನ ಪರಿಪೂರ್ಣ ಊಟ. ಮಾಂಸಾಹಾರಿಗಳಿಗೆ ಸಾವಜಿ ಖಾನಾವಳಿಗಳ ಖಾರದ ಮಟನ್ ಸಾರು ಪ್ರಸಿದ್ಧ.

ಹೊಸ ಊರಿನಲ್ಲಿ ಒಳ್ಳೆಯ ಖಾನಾವಳಿಯನ್ನು ಗುರುತಿಸುವ ಕ್ರಮ ಸರಳ. ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಕೇಳಿಸುತ್ತಿರಬೇಕು. ಊಟದ ಹೊತ್ತಿಗೆ ಅಲ್ಲಿ ಹೊರಊರಿನವರಿಗಿಂತ ಸ್ಥಳೀಯರೇ ಹೆಚ್ಚು ಕುಳಿತಿರಬೇಕು. ಪಲ್ಯ ಹಂಗಾಮಿಗೆ ತಕ್ಕಂತೆ ಬದಲಾಗುತ್ತಿರಬೇಕು. ಈ ಮೂರೂ ಇರುವ ಕಡೆ ಧಾನ್ಯ, ಕಾಳು, ತರಕಾರಿ ಹತ್ತಿರದ ಹೊಲಗಳಿಂದಲೇ ಬರುತ್ತಿರುವ ಸಂಭವ ಹೆಚ್ಚು. ಈ ಮಾತಿಗೆ ಲೇಖನದ ಕೊನೆಯಲ್ಲಿ ಮರಳಿ ಬರುತ್ತೇನೆ.

ವೈನ್ ಆಯ್ಕೆಯ ನಾಲ್ಕು ಮಾನದಂಡಗಳು

ವೈನ್ ಆರಿಸುವುದು ನಿಗೂಢ ವಿದ್ಯೆಯೇನಲ್ಲ. ನಾಲ್ಕು ಗುಣಗಳನ್ನು ತೂಗಿ ನೋಡಿದರೆ ಸಾಕು.

1. ಸಿಹಿ: ಹಣ್ಣಿನ ಸಕ್ಕರೆಯೆಲ್ಲ ಹುದುಗಿ ಮದ್ಯಸಾರವಾದರೆ ಅದು ಒಣ ವೈನ್, ಸ್ವಲ್ಪ ಸಕ್ಕರೆ ಉಳಿದರೆ ಅರೆಸಿಹಿ ವೈನ್.

2. ಹುಳಿ: ಟಾರ್ಟಾರಿಕ್ ಮತ್ತು ಮ್ಯಾಲಿಕ್ ಆಮ್ಲಗಳಿಂದ ಬರುವ ಗುಣ. ಹುಳಿ ಇಲ್ಲದ ವೈನ್ ಸಪ್ಪೆ ಎನಿಸುತ್ತದೆ, ಬೇಗ ಕೆಡುತ್ತದೆ.

3. ಒಗರು: ಕಪ್ಪು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಇಳಿಯುವ ಟ್ಯಾನಿನ್. ಅಡಿಕೆ ಜಗಿದಾಗ ನಾಲಗೆ ಬಿಗಿಯುವಂಥ ಅನುಭವ. ಬಿಳಿ ವೈನಿನಲ್ಲಿ ಇದು ಅತ್ಯಲ್ಪ.

4. ಮದ್ಯಸಾರ: ಸಾಮಾನ್ಯವಾಗಿ ಶೇ. 11ರಿಂದ 14ರವರೆಗೆ.

ಇನ್ನು ನಮ್ಮ ಊಟಕ್ಕೆ ಬರೋಣ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಇರುವಾಗ ಮದ್ಯಸಾರ ಹೆಚ್ಚಾದಷ್ಟೂ ಬಾಯಿಯ ಉರಿ ಹೆಚ್ಚುತ್ತದೆ. ಒಗರು ಅದಕ್ಕೆ ಇನ್ನಷ್ಟು ಕಾವು ಕೊಡುತ್ತದೆ. ತುಸು ಸಿಹಿ ಅದನ್ನು ತಣಿಸುತ್ತದೆ. ಆದ್ದರಿಂದ ಕೆಂಪು ಖಾರ, ಮಿರ್ಚಿ ಭಜಿಯಂಥ ತಿನಿಸಿಗೆ ಶೆನಿನ್ ಬ್ಲಾಂಕ್ ತಳಿಯ ಅರೆಸಿಹಿ ಬಿಳಿ ವೈನ್ ಹೊಂದುತ್ತದೆ. ಎಣ್ಣೆಗಾಯಿಯಲ್ಲಿ ಶೇಂಗಾ ಮತ್ತು ಎಣ್ಣೆಯ ಜಿಡ್ಡಿದೆ. ಜಿಡ್ಡನ್ನು ಕತ್ತರಿಸಲು ಹುಳಿ ಬೇಕು, ಅದಕ್ಕೆ ಸಾವಿನ್ಯೋ ಬ್ಲಾಂಕ್ ತಕ್ಕದ್ದು. ಮಟನ್ ಸಾರಿಗೆ ಮಧ್ಯಮ ಒಗರಿನ, ಹುಳಿಯುಳ್ಳ ಸಾಂಜೊವೇಸೆ ಅಥವಾ ಶಿರಾಜ್ ಒಪ್ಪುತ್ತದೆ. ತೀವ್ರ ಒಗರಿನ ಕ್ಯಾಬರ್ನೆ ಸಾವಿನ್ಯೋವನ್ನು ಖಾರದ ಊಟದೊಡನೆ ಕುಡಿದವರು ವೈನೇ ಚೆನ್ನಾಗಿಲ್ಲ ಎನ್ನುವುದುಂಟು. ಅಲ್ಲಿ ತಪ್ಪಿರುವುದು ವೈನ್ ಅಲ್ಲ, ಜೋಡಿ.

ಬಾಟಲಿಯ ಚೀಟಿಯ ಮೇಲೆ ತಳಿಯ ಹೆಸರು, ಕೊಯ್ಲಿನ ವರ್ಷ, ಬೆಳೆದ ಸ್ಥಳ ಮತ್ತು ಮದ್ಯಸಾರದ ಪ್ರಮಾಣವನ್ನು ಓದಬೇಕು. ಬಹುತೇಕ ಬಿಳಿ ವೈನ್‌ಗಳನ್ನು ಕೊಯ್ಲಿನಿಂದ ಒಂದೆರಡು ವರ್ಷಗಳಲ್ಲೇ ಬಳಸುವುದು ಲೇಸು. ಹಳೆಯದಾದಷ್ಟೂ ಒಳ್ಳೆಯದೆಂಬ ಮಾತು ಕೆಲವೇ ವೈನ್‌ಗಳಿಗೆ ಅನ್ವಯಿಸುತ್ತದೆ. ಬಿಳಿ ವೈನನ್ನು 8ರಿಂದ 10, ಕೆಂಪು ವೈನನ್ನು 15ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಡಿಸುವುದು ರೂಢಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕೊಡಬೇಕೆಂಬ ಸಲಹೆ ತಂಪು ದೇಶದ್ದು. ಏಪ್ರಿಲ್ ತಿಂಗಳಿನಲ್ಲಿ ಕೊಪ್ಪಳದ ಕೋಣೆಯಲ್ಲಿಟ್ಟ ಬಾಟಲಿ ಕಾದು ಕೆಡುತ್ತದೆ. ಅಂಗಡಿಯಲ್ಲಿ ಬಿಸಿಲು ಬೀಳುವ ಕಡೆ ನಿಲ್ಲಿಸಿದ ಬಾಟಲಿಯನ್ನು ಕೊಳ್ಳದಿರುವುದೇ ಕ್ಷೇಮ.

ಗ್ರಾಹಕನ ನಾಲಗೆ, ಬೆಳೆಗಾರನ ಹೊಲ

ವೈನ್ ಸೇವಿಸದ ರೈತನಿಗೆ ಇದೆಲ್ಲ ಏಕೆ ಎಂದು ತಾವು ಕೇಳಬಹುದು. ಮೇಲೆ ಹೇಳಿದ ನಾಲ್ಕೂ ಗುಣಗಳ ಬುನಾದಿ ಬೀಳುವುದು ತೋಟದಲ್ಲೇ, ಕೊಯ್ಲಿಗೆ ಮುನ್ನವೇ. ಘಟಕದವರು ಹಣ್ಣನ್ನು ಅಳೆದು ಒಪ್ಪುವುದೂ ತಿರಸ್ಕರಿಸುವುದೂ ಈ ಗುಣಗಳ ಆಧಾರದ ಮೇಲೆಯೇ.

ಸಕ್ಕರೆಯನ್ನು ಬ್ರಿಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಬ್ರಿಕ್ಸ್ ಸಂಖ್ಯೆಯನ್ನು 0.55ರಿಂದ ಗುಣಿಸಿದರೆ ಬರಬಹುದಾದ ಮದ್ಯಸಾರ ಸ್ಥೂಲವಾಗಿ ದೊರೆಯುತ್ತದೆ: 22 ಬ್ರಿಕ್ಸ್ ಇದ್ದರೆ ಶೇ. 12, 25 ಬ್ರಿಕ್ಸ್ ಇದ್ದರೆ ಶೇ. 13.7ರಷ್ಟು. ಬಿಳಿ ವೈನ್‌ಗೆ ಸಾಮಾನ್ಯವಾಗಿ 20ರಿಂದ 22, ಕೆಂಪು ವೈನ್‌ಗೆ 22ರಿಂದ 24 ಬ್ರಿಕ್ಸ್ ಅಪೇಕ್ಷಣೀಯ. ರಸಸಾರ ಬಿಳಿ ತಳಿಗಳಲ್ಲಿ 3.2ರಿಂದ 3.4, ಕಪ್ಪು ತಳಿಗಳಲ್ಲಿ 3.4ರಿಂದ 3.6ರೊಳಗೆ ಇರಬೇಕು. ತಿನ್ನುವ ದ್ರಾಕ್ಷಿಯಲ್ಲಿ ಸಿಹಿಯೊಂದೇ ಗುರಿ. ವೈನ್ ದ್ರಾಕ್ಷಿಯಲ್ಲಿ ಸಿಹಿ ಏರುವಷ್ಟರಲ್ಲಿ ಹುಳಿ ಬಿದ್ದುಹೋಗಬಾರದು. ಬೆಳೆಗಾರನ ಜಾಣ್ಮೆಯೆಲ್ಲ ಈ ಸಮತೋಲನದಲ್ಲಿದೆ.

ಇದನ್ನು ತಿಳಿಯಲು ವೈನ್ ರುಚಿ ನೋಡಲೇಬೇಕೆಂದಿಲ್ಲ. ಹಣ್ಣನ್ನೇ ಜಗಿದು ನೋಡಿ. ಬೀಜದ ಬಣ್ಣ ಹಸಿರಿನಿಂದ ಕಂದಾಗಿ, ಜಗಿದಾಗ ಕಹಿ ಬಿಟ್ಟು ಹುರಿದ ಕಾಳಿನಂತೆ ಮುರಿದರೆ ಹಣ್ಣು ಪಕ್ವವಾಗಿದೆ. ಬ್ರಿಕ್ಸ್ 23 ಇದ್ದರೂ ಬೀಜ ಹಸಿರಾಗಿದ್ದರೆ ಒಗರು ಒರಟಾಗಿರುತ್ತದೆ. ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮಾಪಕವೊಂದು ಪ್ರತಿ ಬೆಳೆಗಾರನ ಬಳಿಯೂ ಇರಬೇಕು.

ನಮ್ಮ ಭೂಮಿ ಮತ್ತು ಹವಾಮಾನ

ಕೊಪ್ಪಳ ಜಿಲ್ಲೆಯ ಬಹುಭಾಗ ಉತ್ತರ ಒಣ ವಲಯಕ್ಕೆ ಸೇರಿದೆ. ವಾರ್ಷಿಕ ಮಳೆ ಸುಮಾರು 600 ಮಿ.ಮೀ. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ ಭಾಗದ ಭತ್ತದ ಗದ್ದೆಗಳಿಗೆ ನೀರುಣಿಸುತ್ತದೆ. ಕುಷ್ಟಗಿ, ಯಲಬುರ್ಗಾ ಮತ್ತು ಕೊಪ್ಪಳ ತಾಲ್ಲೂಕಿನ ಹೆಚ್ಚಿನ ಹೊಲಗಳಿಗೆ ಮಳೆ ಮತ್ತು ಕೊಳವೆಬಾವಿಯೇ ಗತಿ. ಒಣ ಹವೆ ದ್ರಾಕ್ಷಿಗೆ ಅನುಕೂಲ. ಹಣ್ಣಾಗುವ ಕಾಲದಲ್ಲಿ ಮಳೆ ಇಲ್ಲದಿರುವುದು ಇನ್ನೂ ಅನುಕೂಲ. ಆದರೆ ಮೂರು ಅಡಚಣೆಗಳಿವೆ.

ಮೊದಲನೆಯದು ಉಷ್ಣತೆ. ಕಾವು ಹೆಚ್ಚಿದಂತೆ ಹಣ್ಣಿನಲ್ಲಿ ಮ್ಯಾಲಿಕ್ ಆಮ್ಲ ಬೇಗ ಕರಗುತ್ತದೆ. ಯೂರೋಪಿನಲ್ಲಿ ಚಳಿಗಾಲದಲ್ಲಿ ಬಳ್ಳಿ ನಿದ್ರಿಸುತ್ತದೆ; ನಮ್ಮಲ್ಲಿ ನಿದ್ರಿಸುವುದಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡುತ್ತೇವೆ: ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಫಲಕ್ಕಾಗಿ. ಫಲ ಚಾಟನಿಯಿಂದ ಕೊಯ್ಲಿಗೆ ಸುಮಾರು 120ರಿಂದ 140 ದಿನ ಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಚಾಟನಿ ಮಾಡಿದರೆ ಜನವರಿಯ ತಂಪು ರಾತ್ರಿಗಳಲ್ಲಿ ಹಣ್ಣಾಗಿ, ಫೆಬ್ರವರಿ ಆರಂಭಕ್ಕೆ ಕೊಯ್ಲು ಬರುತ್ತದೆ; ಹುಳಿ ಉಳಿಯುತ್ತದೆ. ಆದರೆ ಎಳೆ ಚಿಗುರು ಮತ್ತು ಹೂವಿನ ಹಂತ ಹಿಂಗಾರಿನ ಮಳೆಗೆ ಸಿಕ್ಕಿ ಬೂಜು ತುಪ್ಪಟ ರೋಗದ ಅಪಾಯ ಹೆಚ್ಚುತ್ತದೆ. ಅಕ್ಟೋಬರ್ ಕೊನೆಗೆ ತಳ್ಳಿದರೆ ರೋಗದ ಭಯ ಕಡಿಮೆ, ಆದರೆ ಕೊಯ್ಲು ಮಾರ್ಚ್ ಬಿಸಿಲಿಗೆ ಬೀಳುತ್ತದೆ. ಹುಳಿಯೇ ಪ್ರಾಣವಾದ ಬಿಳಿ ತಳಿಗಳಿಗೆ ಮುಂಚಿನ ಚಾಟನಿ, ಬಿಗಿಯಾದ ರೋಗ ನಿಗಾ. ಕಪ್ಪು ತಳಿಗಳಿಗೆ ಅಕ್ಟೋಬರ್ ಮಧ್ಯದ ಚಾಟನಿ: ಇದು ಅನುಸರಿಸಬಹುದಾದ ಸ್ಥೂಲ ಸೂತ್ರ. ಕೊಯ್ಲನ್ನು ಬೆಳಗಿನ ಜಾವವೇ ಮುಗಿಸಬೇಕು.

ಎರಡನೆಯದು ನೀರು. ನಮ್ಮ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಲವಣಾಂಶ ಹೆಚ್ಚು. ದ್ರಾಕ್ಷಿ ಉಪ್ಪನ್ನು ಸಹಿಸದ ಬೆಳೆ. ನೀರಿನ ವಿದ್ಯುತ್ ವಾಹಕತೆ 1 ಡೆಸಿ ಸೀಮೆನ್ಸ್ ಪ್ರತಿ ಮೀಟರ್ ಒಳಗಿದ್ದರೆ ಚಿಂತೆಯಿಲ್ಲ. 2 ದಾಟಿದರೆ ಎಲೆಯ ಅಂಚು ಸುಟ್ಟು ಇಳುವರಿ ಕುಗ್ಗುತ್ತದೆ. ನೀರನ್ನು ಬೇಸಿಗೆಯಲ್ಲಿ, ಅಂದರೆ ಕೊಳವೆಬಾವಿ ಅತ್ಯಂತ ಇಳಿದ ಕಾಲದಲ್ಲಿ ಪರೀಕ್ಷಿಸಬೇಕು. ಮಳೆಗಾಲದ ವರದಿಯೊಂದನ್ನೇ ನಂಬಿ ತೋಟ ಹಚ್ಚಬಾರದು.

ಮೂರನೆಯದು ಬೇರುಸಸಿ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಡಾಗ್‌ರಿಡ್ಜ್ ಬೇರುಸಸಿ ಬರ ಮತ್ತು ಉಪ್ಪನ್ನು ತಕ್ಕಮಟ್ಟಿಗೆ ತಡೆಯುತ್ತದೆ. ತಿನ್ನುವ ದ್ರಾಕ್ಷಿಗೆ ಅದು ಒಳ್ಳೆಯದು. ಆದರೆ ಅದು ಬಳ್ಳಿಗೆ ಅತಿಯಾದ ಹುರುಪು ಕೊಟ್ಟು, ಪೊಟ್ಯಾಷ್ ಅನ್ನು ಹೆಚ್ಚು ಹೀರಿ ಹಣ್ಣಿನ ರಸಸಾರವನ್ನು ಏರಿಸುತ್ತದೆ; ಅಂಥ ಹಣ್ಣಿನ ಕೆಂಪು ವೈನ್ ಬಣ್ಣಗೆಡುತ್ತದೆ. ವೈನ್ ತಳಿಗಳಿಗೆ 110 ಆರ್ ಮತ್ತು 1103 ಪಾಲ್ಸನ್ ಬೇರುಸಸಿಗಳು ಹೆಚ್ಚು ಸೂಕ್ತ. ನೆರೆಯ ತೋಟದಲ್ಲಿ ಉಳಿದ ಸಸಿಗಳೆಂದು ತಂದು ನೆಡುವುದು ಮುಂದೆ ಸರಿಪಡಿಸಲಾಗದ ತಪ್ಪು.

ಗುಡ್ಡದಡಿಯ, ನೀರು ಬಸಿಯುವ ಕೆಂಪು ಮರಳುಮಿಶ್ರಿತ ಗೋಡು ಮಣ್ಣು ಉತ್ತಮ. ಯಲಬುರ್ಗಾ ಕಡೆಯ ಆಳವಾದ ಎರೆ ಭೂಮಿಯಲ್ಲಿ ನೀರು ನಿಂತು ಬಳ್ಳಿ ಎಲೆಗೇ ಹೆಚ್ಚು ಬೆಳೆಯುತ್ತದೆ. ಅಲ್ಲಿ ಜೋಳ, ಕಡಲೆಯೇ ಲೇಸು. ಸಾಲಿನಿಂದ ಸಾಲಿಗೆ 8 ಅಡಿ, ಗಿಡದಿಂದ ಗಿಡಕ್ಕೆ 4 ಅಡಿ ಅಂತರದಲ್ಲಿ ಎಕರೆಗೆ ಸುಮಾರು 1,360 ಸಸಿಗಳು ಬೇಕಾಗುತ್ತವೆ. ಒಳ್ಳೆಯ ಗುಣಮಟ್ಟದ ಕೆಂಪು ವೈನ್ ಬೇಕಾದರೆ ಎಕರೆಗೆ 4ರಿಂದ 6 ಟನ್ ಇಳುವರಿಗೆ ತೃಪ್ತರಾಗಬೇಕು. ಹತ್ತು ಟನ್ ತೆಗೆಯುವ ಹುರುಪಿನಲ್ಲಿ ಗೊಂಚಲು ಉಳಿಸಿಕೊಂಡರೆ ಸಕ್ಕರೆಯೂ ಬಣ್ಣವೂ ಬರುವುದಿಲ್ಲ, ಘಟಕದವರು ಹಣ್ಣನ್ನು ಮುಟ್ಟುವುದಿಲ್ಲ.

ಒಪ್ಪಂದವಿಲ್ಲದೆ ಒಂದು ಸಸಿಯೂ ಬೇಡ

ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಗೆ ಮಾರುಕಟ್ಟೆಯಲ್ಲಿ ಬೆಲೆ ಬಿದ್ದರೆ ಒಣಗಿಸಬಹುದು. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ ಸಿಗುತ್ತದೆ, ಶೈತ್ಯಾಗಾರದಲ್ಲಿಟ್ಟು ಕಾಯಬಹುದು. ವೈನ್ ದ್ರಾಕ್ಷಿಯ ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಅದನ್ನು ಸಂತೆಯಲ್ಲಿ ಕೊಳ್ಳುವವರಿಲ್ಲ, ಒಣಗಿಸಿದರೆ ತಿನ್ನುವವರಿಲ್ಲ. ಕೊಳ್ಳುವವನು ವೈನ್ ಘಟಕದವನೊಬ್ಬನೇ. ಅವನು ಬೇಡವೆಂದ ದಿನ ಆ ಹಣ್ಣಿಗೆ ಬೇರೆ ದಾರಿಯಿಲ್ಲ. 2008ರ ಆರ್ಥಿಕ ಹಿಂಜರಿತದ ನಂತರ ಮಹಾರಾಷ್ಟ್ರದ ನಾಸಿಕ್ ಭಾಗದಲ್ಲಿ ವೈನ್ ದಾಸ್ತಾನು ಉಳಿದು, ಅನೇಕ ರೈತರು ಹಣ್ಣು ಕೊಳ್ಳುವವರಿಲ್ಲದೆ ಬಳ್ಳಿಗಳನ್ನು ಕಿತ್ತರು. ಆ ಪಾಠ ನಮಗೆ ಉಚಿತವಾಗಿ ದೊರೆತಿದೆ. ಮತ್ತೆ ಬೆಲೆ ತೆತ್ತು ಕಲಿಯಬೇಕಾಗಿಲ್ಲ.

ಕರ್ನಾಟಕವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದು, ವೈನ್ ಮಂಡಳಿಯನ್ನೂ ಸ್ಥಾಪಿಸಿತು. ನೀತಿ ಉದ್ಯಮಕ್ಕೆ ಹಾದಿ ತೆರೆಯಬಲ್ಲುದು. ತಮ್ಮ ಹಣ್ಣಿಗೆ ಬೆಲೆ ನಿಗದಿ ಮಾಡುವುದು ತಾವು ಸಹಿ ಹಾಕುವ ಕಾಗದ. ಲಿಖಿತ ಒಪ್ಪಂದದಲ್ಲಿ ಈ ಅಂಶಗಳಿರಲೇಬೇಕು:

- ತಳಿ, ಬೇರುಸಸಿ ಮತ್ತು ಒಪ್ಪಂದದ ಅವಧಿ. ಮೊದಲ ಫಸಲು ಮೂರನೆಯ ವರ್ಷಕ್ಕೆ ಬರುವುದರಿಂದ ಮೂರು ವರ್ಷದ ಒಪ್ಪಂದ ನಿರರ್ಥಕ. ಹತ್ತು ವರ್ಷಕ್ಕೆ ಕಡಿಮೆ ಬೇಡ.
- ಬ್ರಿಕ್ಸ್‌ಗೆ ಅನುಗುಣವಾದ ದರಪಟ್ಟಿ ಮತ್ತು ಕನಿಷ್ಠ ದರ.
- ಕೊಯ್ಲಿನ ದಿನ ನಿರ್ಧರಿಸುವವರು ಯಾರು, ತೂಕ ಎಲ್ಲಿ, ಸಾಗಣೆ ವೆಚ್ಚ ಯಾರದು.
- ಹಣ್ಣು ತಿರಸ್ಕೃತವಾದರೆ ಮೂರನೆಯ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಅವಕಾಶ.
- ಬಳಸಬಹುದಾದ ಔಷಧಿಗಳ ಪಟ್ಟಿ ಮತ್ತು ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳು.
- ಹಣ ಪಾವತಿಯ ದಿನಾಂಕ, ತಡವಾದರೆ ಬಡ್ಡಿ.

ಒಂದು ಕಿಲೋ ದ್ರಾಕ್ಷಿಯಿಂದ ಸುಮಾರು 600ರಿಂದ 700 ಮಿ.ಲೀ. ವೈನ್ ದೊರೆಯುತ್ತದೆ, ಅಂದರೆ 750 ಮಿ.ಲೀ. ಬಾಟಲಿಗೆ ಸುಮಾರು ಒಂದೂಕಾಲು ಕಿಲೋ ಹಣ್ಣು ಸಾಕು. ಬಾಟಲಿಯ ಬೆಲೆಯನ್ನು ಕಂಡು ಹಣ್ಣಿನ ಬೆಲೆಯನ್ನು ಊಹಿಸಬೇಡಿ. ಘಟಕ, ಪೀಪಾಯಿ, ಬಾಟಲಿ, ತೆರಿಗೆ, ಮಾರಾಟ ಇವೆಲ್ಲ ಆ ಬೆಲೆಯಲ್ಲಿ ಸೇರಿವೆ.

ಸಣ್ಣ ಹಿಡುವಳಿದಾರರು ಏನು ಮಾಡಬಹುದು?

ಎರಡು–ಮೂರು ಎಕರೆ ಜಮೀನು, ಒಂದೇ ಕೊಳವೆಬಾವಿ ಇರುವವರಿಗೆ ನನ್ನ ಸಲಹೆ ಸ್ಪಷ್ಟ: ವೈನ್ ದ್ರಾಕ್ಷಿಯನ್ನು ಏಕೈಕ ಬೆಳೆಯಾಗಿ ಆರಿಸಬೇಡಿ. ಆದರೆ ವೈನ್ ಮತ್ತು ಪ್ರವಾಸ ನಮ್ಮ ಜಿಲ್ಲೆಗೆ ತರುವ ಗ್ರಾಹಕನನ್ನು ಕೈಬಿಡಲೂ ಬೇಡಿ. ಬಾಟಲಿ ಕೊಳ್ಳದವನೂ ಊಟ ಮಾಡಿಯೇ ತೀರುತ್ತಾನೆ.

ಖಾನಾವಳಿಗೆ ವರ್ಷವಿಡೀ ಬಿಳಿಜೋಳ, ಸಜ್ಜೆ, ಹೆಸರು, ಮಡಿಕೆಕಾಳು, ಬದನೆ, ಸೊಪ್ಪು, ಮೊಸರು ಬೇಕು. ಐದಾರು ರೈತರು ಅಥವಾ ಒಂದು ಸ್ವಸಹಾಯ ಸಂಘ ಸೇರಿ, ಎರಡು ಖಾನಾವಳಿಗಳೊಡನೆ ವಾರದ ಪೂರೈಕೆಯ ಮಾತುಕತೆ ಮಾಡಿಕೊಂಡರೆ ಸಂತೆಯ ಏರಿಳಿತದಿಂದ ಸ್ವಲ್ಪ ಮಟ್ಟಿಗೆ ಪಾರಾಗಬಹುದು. ಬದನೆಯನ್ನು ಒಮ್ಮೆಲೇ ನಾಟಿ ಮಾಡದೆ ಮೂರು ವಾರಗಳ ಅಂತರದಲ್ಲಿ ಭಾಗ ಭಾಗವಾಗಿ ನಾಟಿ ಮಾಡಿ. ಖಾನಾವಳಿಗೆ ಬೇಕಾದದ್ದು ಒಂದು ದಿನದ ಹತ್ತು ಬುಟ್ಟಿಯಲ್ಲ, ಪ್ರತಿದಿನದ ಒಂದು ಬುಟ್ಟಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಹಿಂಡಿಯನ್ನು ಆಹಾರ ಸುರಕ್ಷತಾ ನೋಂದಣಿ ಪಡೆದು ಪೊಟ್ಟಣ ಕಟ್ಟಿದರೆ ಪ್ರವಾಸಿಗರು ಊರಿಗೆ ಒಯ್ಯುತ್ತಾರೆ.

ದ್ರಾಕ್ಷಿಯೇ ಬೇಕೆನ್ನುವವರಿಗೆ ಇನ್ನೊಂದು ದಾರಿಯಿದೆ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವು ಮಾಂಜರಿ ಮೇಡಿಕಾ ಎಂಬ ರಸದ ತಳಿಯನ್ನು ಅಭಿವೃದ್ಧಿಪಡಿಸಿದೆ. ಇದರ ರಸ ಕಡುಗೆಂಪು, ವರ್ಣದ್ರವ್ಯ ಸಮೃದ್ಧ. ಮದ್ಯಸಾರವಿಲ್ಲದ ತಾಜಾ ರಸವನ್ನು ಯಾವ ಖಾನಾವಳಿಯೂ ಸಂಕೋಚವಿಲ್ಲದೆ ಬಡಿಸಬಹುದು. ಹತ್ತಾರು ಗುಂಟೆಯಲ್ಲಿ ಪ್ರಯೋಗಾರ್ಥ ಬೆಳೆದು ನೋಡಿ, ಬಳಿಕ ವಿಸ್ತರಿಸುವುದು ವಿವೇಕ.

ಎಚ್ಚರಿಕೆಯ ಮಾತುಗಳು

ಪರವಾನಗಿ ಇಲ್ಲದೆ ವೈನ್ ತಯಾರಿಸುವುದು, ಮಾರುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಅಪರಾಧ. ಉಳಿದ ಹಣ್ಣನ್ನು ಮನೆಯಲ್ಲೇ ಹುದುಗಿಸಿ ಮಾರೋಣವೆಂಬ ಯೋಚನೆ ಬೇಡ. ಖಾನಾವಳಿಯಲ್ಲಿ ವೈನ್ ಬಡಿಸಲೂ ಅಬಕಾರಿ ಪರವಾನಗಿ ಅಗತ್ಯ. ಇನ್ನು ಆರೋಗ್ಯದ ವಿಷಯ: ಮದ್ಯಸಾರದ ಯಾವ ಪ್ರಮಾಣವೂ ಪೂರ್ಣ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಈ ಲೇಖನದಲ್ಲಿ ವೈನ್ ಆಯ್ಕೆಯನ್ನು ವಿವರಿಸಿರುವುದು ಬೆಳೆಗಾರರಿಗೆ ತಮ್ಮ ಗ್ರಾಹಕನ ಅರಿವಾಗಲೆಂದು. ಕುಡಿಯದವರು ಕುಡಿಯಲಿ ಎಂದಲ್ಲ.

ನಾಟಿಗೆ ಮುನ್ನ ಐದು ಪ್ರಶ್ನೆಗಳು

1. ಬೇಸಿಗೆಯ ನೀರಿನ ಪರೀಕ್ಷಾ ವರದಿ ಕೈಯಲ್ಲಿದೆಯೇ?
2. ಮಣ್ಣು ನೀರು ಬಸಿಯುವಂಥದ್ದೇ? ಮೂರು ಅಡಿ ಗುಂಡಿ ತೋಡಿ ನೋಡಿದ್ದೀರಾ?
3. ಕನಿಷ್ಠ ಹತ್ತು ವರ್ಷದ ಲಿಖಿತ ಒಪ್ಪಂದ ಇದೆಯೇ?
4. ಮೂರು ವರ್ಷ ತೋಟದಿಂದ ಆದಾಯ ಬಾರದಿದ್ದರೂ ಮನೆ ನಡೆಯುವುದೇ?
5. ಘಟಕ ಮುಚ್ಚಿದರೆ ಉಳಿದ ಜಮೀನು ಸಾಲವನ್ನು ಹೊರಬಲ್ಲುದೇ?

ಐದಕ್ಕೂ ಹೌದು ಎಂಬ ಉತ್ತರ ಬಂದರೆ ಮುಂದುವರಿಯಿರಿ. ಒಂದಕ್ಕೆ ಇಲ್ಲವೆಂದಾದರೂ ಆ ವರ್ಷ ನಾಟಿ ಮುಂದೂಡಿ. ಮಣ್ಣು, ನೀರಿನ ಪರೀಕ್ಷೆಗೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನು, ತಳಿ ಮತ್ತು ಬೇರುಸಸಿಯ ಮಾಹಿತಿಗೆ ಮುನಿರಾಬಾದಿನ ತೋಟಗಾರಿಕೆ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು. ಒಪ್ಪಂದದ ಕರಡನ್ನು ಸಹಿಗೆ ಮುನ್ನ ತಿಳಿದವರಿಂದ ಓದಿಸಿ. ಒಂದು ವರ್ಷ ತಡವಾಗಿ ಹಚ್ಚಿದ ತೋಟದಿಂದ ಯಾವ ರೈತನೂ ಕೆಟ್ಟಿಲ್ಲ. ಕೊಳ್ಳುವವನನ್ನು ಗೊತ್ತುಮಾಡಿಕೊಳ್ಳದೆ ಹಚ್ಚಿದ ತೋಟದಿಂದ ಕೆಟ್ಟವರು ಬಹಳ.